ಆ 200 ಮೀಟರ್ ಎಲ್ಲಿದೆ ತೋರಿಸಿ: ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಗೋಕರ್ಣದ ಹತ್ತಿರದ ಒಂದು ಮೀನುಗಾರರ ಹಳ್ಳಿಯವನು. ನಮ್ಮ ದಂಡೆ ಉಳಿಸಿ ಅಂತ ಅರ್ಜಿ ಬರೆದು ಬರೆದು ಕೈಸೋತಿದೆ. ಇನ್ನು ಸುಮ್ನೆ ಇರಲು ಆಗದು ಅನ್ನಿಸಿದ್ದು ಈ ಫೆಬ್ರವರಿಯಲ್ಲಿ.

ಬೆಳಗಿನ ಜಾವ ಬಲೆ ಎಳೆಯಲು ಹೋಗಿದ್ದೆವು. ಮರಳ ಮೇಲೆ ಕಡಲಾಮೆ ಮರಿಗಳ ಹೆಜ್ಜೆ ಸಾಲು ಕಂಡಿತು. ಖುಷಿಯಾಯಿತು. ಆದರೆ ಸಾಲು ನೀರಿನ ಕಡೆ ಹೋಗಿರಲಿಲ್ಲ, ಮೇಲಕ್ಕೆ, ಹೊಸ ರೆಸಾರ್ಟಿನ ಕಡೆ ಹೋಗಿತ್ತು. ರಾತ್ರಿ ಗೂಡಿನಿಂದ ಹೊರಬರುವ ಮರಿ ಬೆಳಕು ಕಂಡತ್ತ ಓಡುತ್ತದೆ. ಕತ್ತಲ ದಂಡೆಯಲ್ಲಿ ಬೆಳ್ಳಗೆ ಕಾಣುವುದು ಕಡಲೊಂದೇ ಆಗಿತ್ತು. ಈಗ ಅದಕ್ಕಿಂತ ಜಾಸ್ತಿ ಬೆಳಗುವುದು ರೆಸಾರ್ಟಿನ ಫೋಕಸ್ ಲೈಟು. ಗೇಟಿನ ಪಕ್ಕದ ಸಿಮೆಂಟ್ ಚರಂಡಿಯಲ್ಲಿ ಮರಿಗಳು ಬಿದ್ದಿದ್ದವು. ಎಣಿಸಿದೆ, 31. ಒಂದು ಅಂಗೈಯಲ್ಲಿ ಎರಡು ಹಿಡಿಯುವಷ್ಟು ಚಿಕ್ಕವು. 9ಕ್ಕೆ ಜೀವ ಇತ್ತು. ಲುಂಗಿಯ ಮಡಿಲಲ್ಲಿ ಹಾಕಿಕೊಂಡು ಹೋಗಿ ನೀರಂಚಿಗೆ ಬಿಟ್ಟೆವು. ಉಳಿದವನ್ನು ಇರುವೆ ಮುತ್ತಿತ್ತು. ಅಲ್ಲಿನ ಮ್ಯಾನೇಜರ್ ಹೇಳಿದ್ದು ಒಂದೇ ಮಾತು: "ಗೆಸ್ಟ್‌ಗಳು ಏಳುವ ಮೊದಲು ಇದನ್ನೆಲ್ಲ ಕ್ಲೀನ್ ಮಾಡಿ."

ನಮ್ಮ ದಂಡೆಗೆ ಬರುವ ಈ ಆಲಿವ್ ರಿಡ್ಲೆ ಕಡಲಾಮೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಅದು ಮೊಟ್ಟೆ ಇಡುವ ಜಾಗ, ಮರಳ ದಿಬ್ಬ ಎಲ್ಲ ಸಿಆರ್‌ಝಡ್‌ನ, ಅಂದರೆ ಕಡಲಂಚಿನ ಕಟ್ಟಡಗಳಿಗೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ, ಅತಿ ಬಿಗಿ ಭಾಗ. ಜನ ಕಡಿಮೆ ಇರುವ ನಮ್ಮಂಥ ಹಳ್ಳಿಗಳಲ್ಲಿ ಕಡಲ ಉಬ್ಬರ ಏರುವ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಏಳುವಂತಿಲ್ಲ ಅಂತ 2019ರ ಸಿಆರ್‌ಝಡ್ ಅಧಿಸೂಚನೆ ಹೇಳುತ್ತದೆ. ಇದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ನನ್ನ ಅಕ್ಕನಿಗಂತೂ ಈ ಗೆರೆ ಚೆನ್ನಾಗಿ ಗೊತ್ತು. ಮನೆ ಹಿಂದೆ ಒಂದು ಪಾಯಖಾನೆ ಕಟ್ಟಲು ಕೇಳಿದರೆ ಕಚೇರಿಯಲ್ಲಿ "ಸಿಆರ್‌ಝಡ್, ಆಗಲ್ಲ" ಅಂದರು. ಮೂರು ವರ್ಷ ಅಲೆದಳು. ಅವಳ ಮನೆಗಿಂತ ನೀರಿಗೆ ಹತ್ತಿರ, ಕೇದಿಗೆ ಪೊದೆ ಕಿತ್ತು, ದಿಬ್ಬ ಸಮ ಮಾಡಿ, ರೆಸಾರ್ಟಿನವರು ಈಜುಕೊಳ ಕಟ್ಟಿದ್ದಾರೆ. ಕಡಲ ಪಕ್ಕದಲ್ಲಿ ಈಜುಕೊಳ! ದಿಬ್ಬ ಹೋದ ಮೇಲೆ ಮಳೆಗಾಲದ ಅಲೆ ನೇರ ನಮ್ಮ ದೋಣಿ ನಿಲ್ಲಿಸುವ ಜಾಗಕ್ಕೇ ಬರುತ್ತದೆ. ನಮಗೊಂದು ಗೆರೆ, ಅವರಿಗೊಂದು ಗೆರೆಯಾ?

ಆ 200 ಮೀಟರ್ ನೆಲದ ಮೇಲೆ ಎಲ್ಲಿದೆ, ನಮಗೆ ತೋರಿಸಿ. ನಕ್ಷೆಯಲ್ಲಿ ಬೇಡ. ಕಲ್ಲು ನೆಡಿಸಿ.

ಪ್ರವಾಸಿಗರು ಬರಲೇಬಾರದು ಅಂತ ನಾನು ಹೇಳುತ್ತಿಲ್ಲ. ನನ್ನ ತಮ್ಮ ಓಂ ಬೀಚಿನಲ್ಲಿ ದೋಣಿ ನಡೆಸಿಯೇ ಮಕ್ಕಳನ್ನು ಓದಿಸುತ್ತಿದ್ದಾನೆ. ಹಾಫ್ ಮೂನ್, ಪ್ಯಾರಡೈಸ್ ಬೀಚಿಗೆ ಗುಡ್ಡ ಹತ್ತಿ ನಡೆದೋ ದೋಣಿಯಲ್ಲೋ ಹೋಗಬೇಕು, ಅದಕ್ಕೇ ಅಲ್ವಾ ಜನ ಅಷ್ಟು ದೂರದಿಂದ ಬರುವುದು? ಅಲ್ಲೂ ಸಿಮೆಂಟ್ ಸುರಿದರೆ ಅವನ ದೋಣಿಗೆ ಯಾರು ಹತ್ತುತ್ತಾರೆ? ವೀಕೆಂಡ್ ಮುಗಿದ ಸೋಮವಾರ ನಮ್ಮ ಬಲೆಗೆ ಸಿಗುವುದು ಈಗಲೇ ಬಾಟಲಿ, ಚಿಪ್ಸ್ ಪೊಟ್ಟಣ.

ಈ ಸಿಆರ್‌ಝಡ್ ನಿಯಮ ನೋಡಿಕೊಳ್ಳುವ ಜಿಲ್ಲಾ ಮಟ್ಟದ ಸಮಿತಿಗೆ ನೀವೇ ಅಧ್ಯಕ್ಷರು. ಅದರಲ್ಲಿ ಮೀನುಗಾರರೂ ಸೇರಿದಂತೆ ಸ್ಥಳೀಯ ಸಮುದಾಯದ ಕನಿಷ್ಠ 3 ಜನ ಇರಬೇಕು ಅಂತ ಅದೇ ಅಧಿಸೂಚನೆ ಹೇಳುತ್ತದೆ. ಅವರ ಹೆಸರನ್ನು ಪಂಚಾಯಿತಿ ಬೋರ್ಡಿನಲ್ಲಿ ಬರೆಸಿ. ಗೂಡು ಕಟ್ಟುವ ತಿಂಗಳುಗಳಲ್ಲಿ ಕಡಲ ಕಡೆಗಿನ ಲೈಟು ಆರಿಸಲು ಆದೇಶ ಮಾಡಿ. ಎಲ್ಲಕ್ಕಿಂತ ಮೊದಲು ಕಲ್ಲು ನೆಡಿಸಿ, ಕಲ್ಲಿನಿಂದ ಕಡಲ ಕಡೆಗೆ ಅಕ್ರಮವಾಗಿ ಎದ್ದಿರುವುದನ್ನು ತೆಗೆಸಿ.

ನವೆಂಬರಿಗೆ ಆಮೆಗಳು ಮತ್ತೆ ದಡಕ್ಕೆ ಬರಲು ಶುರು ಮಾಡುತ್ತವೆ. ಅಷ್ಟರೊಳಗೆ ಅಳತೆಗೆ ಒಂದು ದಿನ ಗೊತ್ತು ಮಾಡಿ. ಟೇಪಿನ ಇನ್ನೊಂದು ತುದಿ ನಾನು ಹಿಡಿಯುತ್ತೇನೆ.

ಇಂತಿ,
ಕುಮಟಾ ತಾಲೂಕಿನ ಒಬ್ಬ ಮೀನುಗಾರ