ಸಂಚು ಎಂದು ಬರೆದರೆ ಸಾಲದು: ಯಾರಿಗೆ, ಯಾವ ದಿನ, ಏನು ಗೊತ್ತಿತ್ತು?

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಹೊಲಗಳು ಪ್ಲಾಟುಗಳಾಗುತ್ತ ಹೋದಂತೆ, ಜಾಗದ ಖರೀದಿಯಲ್ಲಿ ಮೋಸ ಹೋದವರ ಸುದ್ದಿಗಳೂ ನಿಮ್ಮ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಪದೇ ಪದೇ ಕಾಣಿಸುತ್ತಿವೆ. ದೂರು ದಾಖಲಾದ ಮರುದಿನ ಸುದ್ದಿ ದೊಡ್ಡದಾಗಿಯೇ ಬರುತ್ತದೆ. ಅದೇ ಪ್ರಕರಣ ಕೆಲವು ವರ್ಷಗಳ ನಂತರ ಆರೋಪಿಗಳ ಖುಲಾಸೆಯಲ್ಲಿ ಮುಗಿದರೆ, ರೊಕ್ಕ ಕೊಟ್ಟು ಪಾರಾದರು ಎಂದು ಜನ ತೀರ್ಮಾನಿಸಿಬಿಡುತ್ತಾರೆ. ಧಾರವಾಡದ ನ್ಯಾಯಾಲಯಗಳಲ್ಲಿ ಇಂಥ ಪ್ರಕರಣಗಳನ್ನು ಫಿರ್ಯಾದಿಯ ಪರವಾಗಿಯೂ ಆರೋಪಿಯ ಪರವಾಗಿಯೂ ನೋಡಿರುವ ವಕೀಲನಾಗಿ ನನಗೆ ಹಾಗೆ ಅನ್ನಿಸುವುದಿಲ್ಲ. ಇವುಗಳಲ್ಲಿ ಹಲವು ಸೋಲುವುದು ಸಾಕ್ಷಿಕಟ್ಟೆಯಲ್ಲಲ್ಲ. ದೂರು ಮತ್ತು ದೋಷಾರೋಪ ಪಟ್ಟಿ ಬರೆಯುವಾಗಲೇ ಅವು ಅರ್ಧ ಸೋತಿರುತ್ತವೆ.

ಆ ದೋಷಾರೋಪ ಪಟ್ಟಿಗಳ ಭಾಷೆಯನ್ನು ಗಮನಿಸಿ. "ಆರೋಪಿತರೆಲ್ಲರೂ ಸೇರಿ ಸಂಚು ರೂಪಿಸಿ, ಖೊಟ್ಟಿ ದಾಖಲೆ ಸೃಷ್ಟಿಸಿ, ಫಿರ್ಯಾದಿಗೆ ಮೋಸ ಮಾಡಿರುತ್ತಾರೆ" ಎಂಬ ಧಾಟಿಯ ಒಂದೇ ವಾಕ್ಯದಲ್ಲಿ ಮೂರು ಬೇರೆ ಬೇರೆ ಅಪರಾಧಗಳನ್ನು ಕಟ್ಟಿಹಾಕಲಾಗುತ್ತದೆ. 2024ರ ಜುಲೈ 1ಕ್ಕೆ ಮೊದಲಿನ ಕೃತ್ಯಗಳಾದರೆ ಭಾರತೀಯ ದಂಡ ಸಂಹಿತೆಯ 420 (ವಂಚನೆ), 467, 468, 471 (ಖೊಟ್ಟಿ ದಾಖಲೆ) ಮತ್ತು 120-ಬಿ (ಸಂಚು) ಕಲಮುಗಳು, ನಂತರದವಾದರೆ ಭಾರತೀಯ ನ್ಯಾಯ ಸಂಹಿತೆಯ 318(4), 338, 336(3), 340(2) ಮತ್ತು 61ನೇ ಕಲಮುಗಳು ಅದರ ಬೆನ್ನಿಗೆ ಸಾಲಾಗಿ ಬರುತ್ತವೆ. ಹೊಸ ಸಂಹಿತೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆಯೇ ಹೊರತು ರುಜುವಾತಿನ ಹೊಣೆ ಹಗುರವಾಗಿಲ್ಲ. ಸಿವಿಲ್ ದಾವೆಯಲ್ಲಾದರೆ ಯಾರ ಕಡೆಯ ಸಂಭವ ಹೆಚ್ಚು ಎಂದು ತೂಗಿ ನೋಡಿದರೆ ಸಾಕು; ಕ್ರಿಮಿನಲ್ ವಿಚಾರಣೆಯಲ್ಲಿ ಸಮಂಜಸವಾದ ಸಂಶಯಕ್ಕೆ ಎಡೆಯಿಲ್ಲದಂತೆ, ಅದೂ ಒಬ್ಬೊಬ್ಬ ಆರೋಪಿಯ ಮೇಲೂ ಪ್ರತ್ಯೇಕವಾಗಿ, ಅಪರಾಧವನ್ನು ಸಾಬೀತುಪಡಿಸಬೇಕು.

ಮೊದಲು ವಂಚನೆಯನ್ನು ತೆಗೆದುಕೊಳ್ಳೋಣ. ಕೊಟ್ಟ ಮಾತಿಗೆ ತಪ್ಪಿದವರೆಲ್ಲ ವಂಚಕರಲ್ಲ. ಮಾತು ಕೊಡುವಾಗಲೇ ಮೋಸ ಮಾಡುವ ಇರಾದೆ ಇತ್ತು ಎಂಬುದನ್ನು ತೋರಿಸಬೇಕು. ಹೃದಯ ರಂಜನ್ ಪ್ರಸಾದ್ ವರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಇದನ್ನೇ ಸ್ಪಷ್ಟಪಡಿಸಿತು, ಮತ್ತು ಆ ಪ್ರಕರಣವೂ ಜಮೀನು ಮಾರಾಟದಿಂದಲೇ ಹುಟ್ಟಿದ್ದು. ನಂತರದ ನಡವಳಿಕೆ ಇರಾದೆಯನ್ನು ಅಳೆಯಲು ನೆರವಾಗಬಹುದು, ಆದರೆ ಅದೊಂದನ್ನೇ ನೆಚ್ಚಿಕೊಂಡು ಶಿಕ್ಷೆ ಕೊಡಲಾಗದು.

ನಮ್ಮ ಕಡೆ ಸಾಮಾನ್ಯವಾಗಿ ನಡೆಯುವಂಥದ್ದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಊರಂಚಿನಲ್ಲಿ ನಾಲ್ಕು ಎಕರೆ ಹೊಲವಿದೆ, ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹಿರಿಯಣ್ಣನ ಹೆಸರೊಂದೇ ಇದೆ. ಏಜೆಂಟನೊಬ್ಬ ಅವನಿಂದ ಸಂಚಕಾರ ಪತ್ರವನ್ನೂ (ಮುಂಗಡ ಕೊಟ್ಟು ಮಾಡಿಕೊಳ್ಳುವ ಮಾರಾಟದ ಕರಾರು) ವಟಮುಖತ್ಯಾರ ಪತ್ರವನ್ನೂ (ಪವರ್ ಆಫ್ ಅಟಾರ್ನಿ) ಬರೆಸಿಕೊಂಡು, ಬಣ್ಣದ ನಕ್ಷೆ ಮುದ್ರಿಸಿ, ಹುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರಾತಿ ಆಗಿದೆ, ಬಿನ್‌ಶೇತ್ಕಿ (ಕೃಷಿಯೇತರ ಬಳಕೆಯ) ಆದೇಶ ಮುಂದಿನ ತಿಂಗಳು ಕೈಗೆ ಬರುತ್ತದೆ ಎಂದು ಹೇಳಿ ಹತ್ತಾರು ಜನರಿಂದ ಮುಂಗಡ ಪಡೆಯುತ್ತಾನೆ. ಅಷ್ಟರಲ್ಲಿ ಮದುವೆಯಾಗಿ ಹೋದ ತಂಗಿಯರು ವಾಟ್ನಿ ದಾವೆ (ಆಸ್ತಿ ಪಾಲಿನ ದಾವೆ) ಹೂಡುತ್ತಾರೆ, ಲೇಔಟು ನಿಂತು ಹೋಗುತ್ತದೆ, ಹಣ ವಾಪಸು ಬರುವುದಿಲ್ಲ. ಇಲ್ಲಿ ವಂಚನೆ ಎಲ್ಲಿದೆ? ಆದೇಶ ಮುಂದಿನ ತಿಂಗಳು ಬರುತ್ತದೆ ಎಂಬುದು ಭರವಸೆ. ಅದು ಸುಳ್ಳಾಯಿತೆಂದ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ಮಂಜೂರಾತಿ ಆಗಿದೆ ಎಂಬುದು ನಡೆದ ಸಂಗತಿಯ ಬಗೆಗಿನ ಹೇಳಿಕೆ. ಆ ದಿನ ಅರ್ಜಿಯನ್ನೇ ಸಲ್ಲಿಸಿರಲಿಲ್ಲ ಎಂದು ಪ್ರಾಧಿಕಾರದ ಆವಕ ದಾಖಲೆ ತೋರಿಸಿದರೆ, ಮತ್ತು ಆ ಹೇಳಿಕೆಯನ್ನು ನಂಬಿಯೇ ಫಿರ್ಯಾದಿ ಹಣ ಕೊಟ್ಟನೆಂದು ಸಾಕ್ಷ್ಯ ಹೇಳಿದರೆ, ಪ್ರಕರಣಕ್ಕೆ ಬೆನ್ನೆಲುಬು ಬರುತ್ತದೆ. ಆದರೆ ದೂರಿನಲ್ಲಿ ಈ ಎರಡೂ ಮಾತುಗಳು "ನಂಬಿಸಿ ಮೋಸ ಮಾಡಿದರು" ಎಂಬುದರೊಳಗೆ ಕರಗಿಹೋಗಿರುತ್ತವೆ, ಮತ್ತು ಪಾಟೀಸವಾಲಿನಲ್ಲಿ ವಕೀಲರು ಹಿಡಿಯುವುದು ಅಲ್ಲಿಯೇ.

ತಂಗಿಯರ ಪಾಲಿನ ಮಾತೂ ಹಾಗೆಯೇ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂದಿದೆ, ತಂದೆ ಆ ವರ್ಷ ಬದುಕಿರಬೇಕಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಮಾನವೂ ಆಗಿದೆ. ಆದರೂ ಕೊಟ್ಟ ಹೆಣ್ಣುಮಕ್ಕಳಿಗೆ ಹೊಲದಲ್ಲಿ ಪಾಲಿಲ್ಲವೆಂದು ಪ್ರಾಮಾಣಿಕವಾಗಿ ನಂಬಿರುವ ಅಣ್ಣಂದಿರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅಂಥವನು ಮಾರಿದರೆ ಅದು ಹಕ್ಕಿನ ದೋಷ, ಸಿವಿಲ್ ನ್ಯಾಯಾಲಯದ ವಿಷಯ. ತಂಗಿಯರ ವಕೀಲರ ನೋಟಿಸು ಅಥವಾ ದಾವೆಯ ಸಮನ್ಸು ಅವನ ಕೈಗೆ ಮುಟ್ಟಿದ ನಂತರವೂ ಅದನ್ನು ಬಚ್ಚಿಟ್ಟು ಖರೀದಿ ಪತ್ರ ಬರೆದುಕೊಟ್ಟಿದ್ದರೆ ಚಿತ್ರವೇ ಬೇರೆಯಾಗುತ್ತದೆ. ಸಮನ್ಸು ಜಾರಿಯಾದ ದಿನಾಂಕ ಸಿವಿಲ್ ನ್ಯಾಯಾಲಯದ ಕಡತದಲ್ಲಿಯೇ ಇರುತ್ತದೆ. ತನಿಖಾಧಿಕಾರಿ ಅದರ ದೃಢೀಕೃತ ನಕಲು ಪಡೆದು ಖರೀದಿ ಪತ್ರದ ಪಕ್ಕದಲ್ಲಿ ಇಟ್ಟರೆ, ಹತ್ತು ಸಾಕ್ಷಿದಾರರು ಹೇಳಲಾಗದ್ದನ್ನು ಆ ಎರಡು ಕಾಗದಗಳು ಹೇಳುತ್ತವೆ.

ಇನ್ನು ಖೊಟ್ಟಿ ದಾಖಲೆಯ ಆರೋಪ. ಇದು ಅತಿ ಹೆಚ್ಚು ದುರುಪಯೋಗವಾಗುವ ಆರೋಪವೆಂದರೆ ತಪ್ಪಾಗದು, ಏಕೆಂದರೆ 467ನೇ ಕಲಮಿಗೆ ಜೀವಾವಧಿಯವರೆಗೆ ಶಿಕ್ಷೆಯಿದೆ ಮತ್ತು ಅದನ್ನು ಸೇರಿಸಿದರೆ ಜಾಮೀನು ಕಷ್ಟವಾಗುತ್ತದೆ ಎಂಬ ಲೆಕ್ಕಾಚಾರ ಇರುತ್ತದೆ. ತನ್ನದಲ್ಲದ ಜಮೀನನ್ನು ತನ್ನದೆಂದು ಹೇಳಿ, ತನ್ನದೇ ಹೆಸರಿನಲ್ಲಿ, ತನ್ನದೇ ಸಹಿ ಹಾಕಿ ಮಾರಿದವನು ಕಾನೂನಿನ ಅರ್ಥದಲ್ಲಿ ಸುಳ್ಳು ದಸ್ತಾವೇಜು ಸೃಷ್ಟಿಸಿದಂತೆ ಆಗುವುದಿಲ್ಲವೆಂದು ಮೊಹಮ್ಮದ್ ಇಬ್ರಾಹಿಂ ವಿರುದ್ಧ ಬಿಹಾರ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿಯೇ ಹೇಳಿದೆ. ತಾನೇ ಇನ್ನೊಬ್ಬನೆಂದು ನಟಿಸಿ ಆ ಇನ್ನೊಬ್ಬನ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರೆ ಮಾತ್ರ ಅದು ಆ ಬಗೆಯ ಅಪರಾಧ. ಮೊದಲನೆಯ ಬಗೆಯಲ್ಲಿ ವಂಚನೆಗೊಳಗಾದವನು ಹಣ ಕೊಟ್ಟು ಕೊಂಡವನು. ನಿಜವಾದ ಮಾಲೀಕನಿಗೆ ಯಾರೂ ಏನನ್ನೂ ನಂಬಿಸಿಲ್ಲವಾದ್ದರಿಂದ 420ರ ಅಡಿಯಲ್ಲಿ ದೂರುವ ಹಕ್ಕು ಅವನಿಗೆ ಬರುವುದಿಲ್ಲ, ಅವನು ಹಕ್ಕು ಘೋಷಣೆಯ ದಾವೆ ಹೂಡಬೇಕಾಗುತ್ತದೆ. ಮಾಲೀಕನೇ ಫಿರ್ಯಾದಿಯಾಗಿ, ಮಾರಿದವನ ಜೊತೆ ಕೊಂಡವನನ್ನೂ ಆರೋಪಿಯನ್ನಾಗಿ ಮಾಡಿರುವ ದೋಷಾರೋಪ ಪಟ್ಟಿಗಳು ಇಂದಿಗೂ ಬರುತ್ತಲೇ ಇವೆ. ಕೊಂಡವನು ಸಂಚಿನ ಪಾಲುದಾರನಾದರೆ ಮೋಸ ಹೋದವರು ಯಾರು ಎಂಬ ಪ್ರಶ್ನೆಗೆ ಆ ಪಟ್ಟಿಯಲ್ಲಿ ಉತ್ತರವಿರುವುದಿಲ್ಲ. ಇಂಥವು ಉಚ್ಚ ನ್ಯಾಯಾಲಯದ ಧಾರವಾಡ ಪೀಠದವರೆಗೆ ಹೋಗಿ ರದ್ದಾದರೆ ಆಶ್ಚರ್ಯಪಡಬೇಕಾದ್ದೇನಿದೆ?

ಮಾಲೀಕನ ಹೆಸರಿನಲ್ಲಿ ಬೇರೊಬ್ಬನನ್ನು ನಿಲ್ಲಿಸಿ ಖರೀದಿ ಪತ್ರ ಮಾಡಿಸಿದ ಪ್ರಕರಣಗಳಲ್ಲಿ ಮಾತ್ರ ಪುರಾವೆ ನೋಂದಣಿಯಾದ ಪತ್ರದ ಹಿಂಬದಿಯಲ್ಲಿಯೇ ಇರುತ್ತದೆ. ಪತ್ರ ಹಾಜರುಪಡಿಸಿದ ದಿನ ಮತ್ತು ವೇಳೆ, ಬರೆದುಕೊಟ್ಟವರ ಭಾವಚಿತ್ರ, ಹೆಬ್ಬೆರಳಿನ ಗುರುತು, ಇವರು ಇಂಥವರೇ ಎಂದು ಗುರುತಿಸಿ ಸಹಿ ಹಾಕಿದವರ ಹೆಸರು ಮತ್ತು ವಿಳಾಸ, ಎಲ್ಲವೂ ಅಲ್ಲಿವೆ. ಇ-ಸ್ಟಾಂಪ್ ಹಾಳೆಯ ಮೇಲೆ ಅದನ್ನು ಪಡೆದ ದಿನ ಮತ್ತು ವೇಳೆ, ಶುಲ್ಕ ಕಟ್ಟಿದವರ ಹೆಸರು ಅಚ್ಚಾಗಿರುತ್ತವೆ. (ಖಾನಾಪುರದ ತೆಲಗಿಯ ಛಾಪಾ ಕಾಗದದ ಹಗರಣ ನೋಡಿದ ರಾಜ್ಯಕ್ಕೆ ಈ ಹಾಳೆಯ ಬೆಲೆ ಬೇರೆ ಹೇಳಬೇಕಿಲ್ಲ.) ಆದರೂ ಕೆಲವು ತನಿಖೆಗಳಲ್ಲಿ ಮಾಲೀಕನ ಸಹಿಯನ್ನು ಮಾತ್ರ ತಜ್ಞರಿಗೆ ಕಳಿಸಿ ವರದಿಗಾಗಿ ಕಾಯುತ್ತ ಕೂರುತ್ತಾರೆ. ಕೈಬರಹ ತಜ್ಞರ ವರದಿ ಅಭಿಪ್ರಾಯವಷ್ಟೇ, ಬೇರೆ ಸಾಕ್ಷ್ಯದ ಆಸರೆ ಅದಕ್ಕೆ ಬೇಕಾಗುತ್ತದೆ. ಹೆಬ್ಬೆರಳಿನ ಗುರುತಿನ ತೂಕ ಅದಕ್ಕಿಂತ ಹೆಚ್ಚು. ಗುರುತಿಸಿದವನನ್ನು ಮೊದಲ ವಾರದಲ್ಲಿಯೇ ವಿಚಾರಿಸಿದ್ದರೆ ನಿಂತವನು ಯಾರು, ಕರೆತಂದವನು ಯಾರು ಎಂಬುದು ಬಯಲಾಗುತ್ತಿತ್ತು.

ಇಲ್ಲಿ ಪತ್ರ ಬರೆದುಕೊಡುವ ಬಾಂಡ್ ರೈಟರ್ ಬಗ್ಗೆಯೂ ಒಂದು ಮಾತು ಹೇಳಬೇಕು. ಪತ್ರದ ಒಕ್ಕಣೆ ಹೇಳಿ ಬರೆಸಿದವರು ಯಾರು, ಶುಲ್ಕ ಕೊಟ್ಟವರು ಯಾರು, ಮಾಲೀಕನೆನ್ನಿಸಿಕೊಂಡವನು ಬಾಯಿ ಬಿಟ್ಟು ಮಾತಾಡಿದನೇ ಇಲ್ಲವೇ ಎಂಬುದನ್ನು ಕಣ್ಣಾರೆ ಕಂಡವನು ಅವನು. ಅವನನ್ನು ಏಳನೆಯದೋ ಎಂಟನೆಯದೋ ಆರೋಪಿಯನ್ನಾಗಿ ಕೂರಿಸಿದರೆ ಪಟ್ಟಿ ಉದ್ದವಾಗಿ ಕಾಣಬಹುದು, ಆದರೆ ಅತ್ಯುತ್ತಮ ಸಾಕ್ಷಿದಾರನೊಬ್ಬನ ಬಾಯಿ ಮುಚ್ಚಿದಂತಾಗುತ್ತದೆ. ಅವನ ಪಾತ್ರದ ಬಗ್ಗೆ ನಿಜವಾದ ಅನುಮಾನವಿದ್ದರೆ ಕ್ಷಮಾದಾನ ನೀಡಿ ಮಾಫಿ ಸಾಕ್ಷಿಯಾಗಿಸುವ ದಾರಿಯೂ ಕಾನೂನಿನಲ್ಲಿದೆ.

ಸಂಚಿನ ಆರೋಪ ಇವೆಲ್ಲಕ್ಕಿಂತ ಕಠಿಣ. ಸಂಚು ಗುಟ್ಟಾಗಿ ನಡೆಯುವಂಥದ್ದು, ಅದಕ್ಕೆ ನೇರ ಸಾಕ್ಷ್ಯ ಸಿಗುವುದು ಅಪರೂಪ, ಸಂದರ್ಭಗಳಿಂದಲೇ ಅದನ್ನು ಊಹಿಸಬೇಕಾಗುತ್ತದೆ ಎಂದು 1988ರ ಕೇಹರ್ ಸಿಂಗ್ ತೀರ್ಪಿನಿಂದ ಮೊದಲುಗೊಂಡು ನ್ಯಾಯಾಲಯಗಳು ಹೇಳುತ್ತ ಬಂದಿವೆ. ಈ ಮಾತನ್ನು ಸರಕಾರಿ ವಕೀಲರು ಬಹಳ ಇಷ್ಟಪಟ್ಟು ಉಲ್ಲೇಖಿಸುತ್ತಾರೆ. ಆದರೆ ಆ ಸಂದರ್ಭಗಳು ಒಂದಕ್ಕೊಂದು ಕೊಂಡಿಯಾಗಿ ಸೇರಿ, ನಿರ್ದೋಷಿಯೆನ್ನುವ ಊಹೆಗೆ ಅವಕಾಶವೇ ಇಲ್ಲದಂತಿರಬೇಕು ಎಂಬ 1984ರ ಶರದ್ ಬಿರ್ಧಿಚಂದ್ ಸಾರ್ಡಾ ತೀರ್ಪಿನ ನಿಯಮವೂ ಅದರ ಜೊತೆಗೇ ಬರುತ್ತದೆ. ಒಂದೇ ಊರಿನವರು, ಸಂಬಂಧಿಕರು, ಒಟ್ಟಿಗೆ ಓಡಾಡುತ್ತಿದ್ದರು ಎಂಬುದು ಸಂಚಿಗೆ ಪುರಾವೆಯಲ್ಲ. ನೋಂದಣಿ ಕಚೇರಿಯ ಮುಂದೆ ಸಿಗುವ ಇಬ್ಬರು ದಿನಕ್ಕೆ ಹಲವು ಪತ್ರಗಳಿಗೆ ಸಾಕ್ಷಿ ಹಾಕುವುದು ಸಂಚಲ್ಲ, ಅವರ ಹೊಟ್ಟೆಪಾಡು. ಅದೇ, ಒಂದೇ ಪ್ಲಾಟನ್ನು ಎರಡು ಸಲ ಮಾರಿದ ಎರಡೂ ಪತ್ರಗಳಿಗೆ ಒಬ್ಬನೇ ಸ್ಟಾಂಪ್ ಪಡೆದಿದ್ದರೆ, ಎರಡನೆಯ ಖರೀದಿದಾರನು ಬ್ಯಾಂಕಿನ ಮೂಲಕ ಕೊಟ್ಟ ಹಣ ನಾಲ್ಕೇ ದಿನಗಳಲ್ಲಿ ಮಾರಿದವನ ಖಾತೆಯಿಂದ ಆ ಖರೀದಿದಾರನ ಮನೆಯವರ ಖಾತೆಗೇ ಮರಳಿದ್ದರೆ, ಮೊದಲನೆಯ ಪತ್ರ ಆದದ್ದು ಅವನಿಗೆ ಮೊದಲೇ ಗೊತ್ತಿತ್ತೆಂದು ಮೊಬೈಲಿನ ಸಂದೇಶ ಹೇಳಿದರೆ, ಆಗ ಕೊಂಡಿಗಳು ಕೂಡಿಕೊಳ್ಳುತ್ತವೆ. ಆ ಸಂದೇಶವನ್ನು ಓದಬೇಕಾದರೂ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಮೊಬೈಲಿನ ಪರದೆಯ ಚಿತ್ರ ತೆಗೆದು ಅಚ್ಚು ಹಾಕಿಸಿ ಕಡತಕ್ಕೆ ಹೊಲಿದರೆ ಅದು ಸಾಕ್ಷ್ಯವಾಗುವುದಿಲ್ಲ.

ಒಬ್ಬ ಸಂಚುಗಾರನ ಮಾತು ಅಥವಾ ಕೃತ್ಯ ಉಳಿದವರ ವಿರುದ್ಧ ಸಾಕ್ಷ್ಯವಾಗುವುದು ಹಳೆಯ ಸಾಕ್ಷ್ಯ ಕಾಯ್ದೆಯ 10ನೇ ಕಲಮಿನ, ಈಗಿನ 8ನೇ ಕಲಮಿನ ಬಲದಿಂದ. ಅದಕ್ಕೂ ಸಂಚು ಇತ್ತೆಂದು ನಂಬಲು ಸಮಂಜಸವಾದ ಆಧಾರ ಮೊದಲು ಇರಬೇಕು, ಮತ್ತು ಆ ಮಾತು ಸಂಚು ಜೀವಂತವಾಗಿದ್ದಾಗ ಆಡಿದ್ದಾಗಿರಬೇಕು. ಬಂಧನದ ನಂತರ ಠಾಣೆಯಲ್ಲಿ ಕೊಟ್ಟ ತಪ್ಪೊಪ್ಪಿಗೆ ಕೊಟ್ಟವನ ಮೇಲೆಯೇ ನಿಲ್ಲುವುದಿಲ್ಲ, ಉಳಿದವರ ಮೇಲೆ ನಿಲ್ಲುವ ಮಾತೆಲ್ಲಿ. ಆದರೂ ಪತ್ರಿಕೆಗಳಲ್ಲಿ "ಆರೋಪಿ ಬಾಯಿ ಬಿಟ್ಟ" ಎಂಬ ತಲೆಬರಹ ಬಂದೊಡನೆ ಪ್ರಕರಣ ಗೆದ್ದಂತೆಯೇ ಎಂದು ಓದುಗರು ಭಾವಿಸುತ್ತಾರೆ. ಈ ವಿಷಯದಲ್ಲಿ ನಿಮ್ಮ ಪತ್ರಿಕೆಯೂ ಸ್ವಲ್ಪ ಹಿಡಿತ ಇಟ್ಟುಕೊಂಡರೆ ಒಳ್ಳೆಯದು.

ಯಾರೂ ಬಹಿರಂಗವಾಗಿ ಆಡದ ಇನ್ನೊಂದು ತೊಡಕು ನಗದಿನದು. ಪತ್ರದಲ್ಲಿ ಸರಕಾರಿ ದರಕ್ಕೆ ಹೊಂದುವಷ್ಟು ಮೊತ್ತ ಬರೆದು, ಉಳಿದದ್ದನ್ನು ಕೈಯಿಂದ ಕೈಗೆ ಕೊಡುವ ರೂಢಿ ಅವಳಿ ನಗರದಲ್ಲಿ ಎಷ್ಟು ಬೇರೂರಿದೆಯೆಂದು ಎಲ್ಲರಿಗೂ ಗೊತ್ತು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಲ್ಲಿಯೇ ನಿರ್ಬಂಧಿಸಿದೆ. ಮೋಸ ಹೋದವನು ದೂರಿನಲ್ಲಿ ಪತ್ರದ ಮೊತ್ತವನ್ನು ಮಾತ್ರ ಬರೆಯುತ್ತಾನೆ, ಸಾಕ್ಷಿಕಟ್ಟೆಯಲ್ಲಿ ಸಂಕಟ ತಾಳಲಾರದೆ ನಿಜವಾದ ಮೊತ್ತ ಹೇಳಿಬಿಡುತ್ತಾನೆ, ಮತ್ತು ಆ ವ್ಯತ್ಯಾಸವೊಂದೇ ಅವನ ಇಡೀ ಸಾಕ್ಷ್ಯವನ್ನು ಸಂಶಯಕ್ಕೆ ಈಡುಮಾಡುತ್ತದೆ. ಮೊದಲ ದಿನವೇ ಎಲ್ಲವನ್ನೂ ಹೇಳಿ, ಆ ಹಣ ಯಾವ ಖಾತೆಯಿಂದ ತೆಗೆದದ್ದು, ಯಾವ ಬಂಗಾರ ಅಡವಿಟ್ಟು ತಂದದ್ದು ಎಂಬುದಕ್ಕೆ ಕಾಗದ ಕೊಡುವುದು ಅವನಿಗೇ ಕ್ಷೇಮ.

ಕೆಲವು ಠಾಣೆಗಳಲ್ಲಿ "ಇದು ಸಿವಿಲ್ ಮ್ಯಾಟರ್ ಐತಿ, ಕೋರ್ಟಿಗೆ ಹೋಗ್ರಿ" ಎಂದು ಬಾಗಿಲಲ್ಲೇ ಹೇಳಿ ಕಳಿಸುತ್ತಾರೆಂಬ ದೂರು ಇದೆ. ಒಂದೇ ವ್ಯವಹಾರದಿಂದ ಸಿವಿಲ್ ಹಕ್ಕೂ ಕ್ರಿಮಿನಲ್ ಅಪರಾಧವೂ ಹುಟ್ಟಬಹುದಾದ್ದರಿಂದ ಆ ಮಾತು ಯಾವಾಗಲೂ ಸರಿಯಲ್ಲ. ಆದರೆ ಕ್ರಿಮಿನಲ್ ಪ್ರಕರಣವನ್ನು ವಸೂಲಿಯ ಅಸ್ತ್ರವಾಗಿ ಬಳಸುವವರೂ ಕಡಿಮೆಯಿಲ್ಲ. 420ನೇ ಕಲಮನ್ನು ನ್ಯಾಯಾಲಯದ ಅನುಮತಿ ಪಡೆದು ರಾಜಿ ಮಾಡಿಕೊಳ್ಳಬಹುದು, 467ನ್ನು ಮಾಡಿಕೊಳ್ಳಲಾಗದು. ಹಣ ಕೈಸೇರಿದ ಫಿರ್ಯಾದಿ ಆಗ ಏನು ಮಾಡುತ್ತಾನೆ? ಸಾಕ್ಷಿಕಟ್ಟೆ ಹತ್ತಿ ತನಗೇನೂ ನೆನಪಿಲ್ಲ ಎನ್ನುತ್ತಾನೆ. ಖುಲಾಸೆಗಳ ಲೆಕ್ಕದಲ್ಲಿ ಇದೂ ಸೇರಿಕೊಂಡಿರುತ್ತದೆ.

ಆದ್ದರಿಂದ ಜಿಲ್ಲೆಯ ಅಭಿಯೋಜನಾ ಇಲಾಖೆಗೂ ಪೊಲೀಸ್ ಕಮಿಷನರೇಟಿಗೂ ನನ್ನದೊಂದು ಸಲಹೆಯಿದೆ. ಜಮೀನು ಮಾರಾಟದ ವಂಚನೆ ಪ್ರಕರಣದಲ್ಲಿ ದೋಷಾರೋಪ ಪಟ್ಟಿ ಸಲ್ಲಿಸುವ ಮೊದಲು ದಿನಾಂಕವಾರು ಪಟ್ಟಿಯೊಂದನ್ನು ಕಡ್ಡಾಯವಾಗಿ ತಯಾರಿಸಲಿ: ಯಾವ ದಿನ ಯಾವ ಪತ್ರವಾಯಿತು, ಆ ದಿನ ಉತಾರದಲ್ಲಿ ಮತ್ತು ಋಣಭಾರ ಪ್ರಮಾಣಪತ್ರದಲ್ಲಿ ಏನಿತ್ತು, ಯಾವ ಹಣ ಎಲ್ಲಿಂದ ಎಲ್ಲಿಗೆ ಹೋಯಿತು, ಪ್ರತಿಯೊಬ್ಬ ಆರೋಪಿಗೆ ಆ ದಿನ ಏನು ಗೊತ್ತಿತ್ತು ಮತ್ತು ಅದಕ್ಕೆ ಆಧಾರವಾದ ಕಾಗದ ಯಾವುದು. ಆಧಾರದ ಅಂಕಣ ಖಾಲಿ ಉಳಿದ ಆರೋಪಿಯ ಹೆಸರನ್ನು ಸಹಾಯಕ ಸರಕಾರಿ ಅಭಿಯೋಜಕರು ಮುಲಾಜಿಲ್ಲದೆ ಕೈಬಿಡಿಸಲಿ. ಹನ್ನೆರಡು ಆರೋಪಿಗಳ ಪಟ್ಟಿಯಲ್ಲಿ ಮುಖ್ಯನಾದವನು ಗುಂಪಿನ ಮರೆಯಲ್ಲಿ ತಪ್ಪಿಸಿಕೊಳ್ಳುವುದಕ್ಕಿಂತ, ಮೂವರ ವಿರುದ್ಧ ಗಟ್ಟಿಯಾದ ಪ್ರಕರಣ ನಡೆಯುವುದು ಮೇಲು. ದೂರು ಕೊಡಲು ಹೊರಟವರೂ ಖರೀದಿ ಪತ್ರ, ಉತಾರ, ಋಣಭಾರ ಪ್ರಮಾಣಪತ್ರಗಳ ದೃಢೀಕೃತ ನಕಲುಗಳನ್ನು ಮೊದಲು ಪಡೆದು, ತಮಗೆ ಯಾರು ಯಾವ ದಿನ ಯಾವ ಮಾತು ಹೇಳಿದರೆಂಬುದನ್ನು ಅವರವರ ಹೆಸರಿನ ಮುಂದೆ ಬೇರೆ ಬೇರೆಯಾಗಿ ಬರೆದುಕೊಂಡೇ ಠಾಣೆಯ ಮೆಟ್ಟಿಲು ಹತ್ತಲಿ.

ತಮ್ಮ ವಿಶ್ವಾಸಿ,
ಓದುಗ ವಕೀಲ, ಧಾರವಾಡ