ಸೊಂಟದ ನರಕ್ಕೆ ಆಪರೇಷನ್: ಭಯವೂ ಬೇಡ, ಆತುರವೂ ಬೇಡ

ಮಾನ್ಯ ಸಂಪಾದಕರೇ,

ಅಡಿಕೆ ಮೂಟೆ ಎತ್ತುವಾಗ ಸೊಂಟ ಹಿಡಿದುಕೊಂಡ ನಮ್ಮಣ್ಣ, ನೋವು ತೊಡೆಯ ಹಿಂಭಾಗದಿಂದ ಪಾದದವರೆಗೆ ಇಳಿದ ಮೇಲೂ ಎರಡು ತಿಂಗಳು ಎಣ್ಣೆ ತಿಕ್ಕಿಸಿಕೊಂಡು, ನೋವಿನ ಮಾತ್ರೆ ನುಂಗಿಕೊಂಡು ಕಳೆದರು. ನಡೆಯುವಾಗ ಬಲಗಾಲಿನ ಚಪ್ಪಲಿ ಅವರಿಗೆ ಅರಿವಿಲ್ಲದೆಯೇ ಜಾರಿಹೋಗುತ್ತಿದ್ದುದನ್ನು ಮನೆಯವರೆಲ್ಲ ಕಂಡಿದ್ದೆವು. ಅದು ನರ ಸೋಲುತ್ತಿರುವುದರ ಸೂಚನೆಯೆಂದು ನಮಗೆ ತಿಳಿಯಲಿಲ್ಲ. ಕೊನೆಗೆ ಆಪರೇಷನ್ ಆಯಿತು, ಕಾಲಿನ ನೋವು ಹೋಯಿತು. ಆದರೆ ಪಾದವನ್ನು ಪೂರ್ತಿ ಮೇಲೆತ್ತಲು ಅವರಿಗೆ ಇಂದಿಗೂ ಆಗುವುದಿಲ್ಲ.

‘ಬೆನ್ನಿಗೆ ಕತ್ತರಿ ಹಾಕಿಸಿಕೊಂಡರೆ ಮತ್ತೆ ಎದ್ದು ಓಡಾಡುವಂತಿಲ್ಲ’ ಎಂಬ ಮಾತು ನಮ್ಮ ಊರುಗಳಲ್ಲಿ ಬಲವಾಗಿ ಬೇರೂರಿದೆ. ಬೆನ್ನುಮೂಳೆಯ ಎರಡು ಮಣಿಗಳ ನಡುವಿನ ಡಿಸ್ಕ್ ಬಿರಿದು, ಒಳಗಿನ ಮೆದು ಭಾಗ ಹೊರಚಾಚಿ ನರದ ಬುಡವನ್ನು ಒತ್ತುವುದೇ ಸೊಂಟದಿಂದ ಕಾಲಿಗಿಳಿಯುವ ಈ ನೋವಿಗೆ ಸಾಮಾನ್ಯ ಕಾರಣವೆಂದು ಅಮೆರಿಕದ ವೈದ್ಯರಾದ ಮಿಕ್ಸ್‌ಟರ್ ಮತ್ತು ಬಾರ್ 1934ರಲ್ಲೇ ತೋರಿಸಿಕೊಟ್ಟರು. ಈಗ ಸಣ್ಣದೊಂದು ಗಾಯ ಮಾಡಿ, ಸೂಕ್ಷ್ಮದರ್ಶಕದ ನೆರವಿನಿಂದ ನರವನ್ನು ಒತ್ತುತ್ತಿರುವ ತುಣುಕನ್ನಷ್ಟೇ ತೆಗೆಯುತ್ತಾರೆ. ಬಹುಪಾಲು ತೊಂದರೆ ಸೊಂಟದ ಕೊನೆಯ ಎರಡು ಡಿಸ್ಕ್‌ಗಳಲ್ಲಿ ಕಾಣಿಸುತ್ತದೆ; ಮಿದುಳುಬಳ್ಳಿ ಅದಕ್ಕಿಂತ ಸಾಕಷ್ಟು ಮೇಲೆಯೇ ಮುಗಿದು, ಅಲ್ಲಿಂದ ಕೆಳಗೆ ನರಗಳ ಎಳೆಗಳು ಮಾತ್ರ ಇಳಿದಿರುತ್ತವೆ. ಸೋಂಕು, ನರದ ಹೊದಿಕೆ ಹರಿಯುವುದು, ಅದೇ ಡಿಸ್ಕ್ ಮತ್ತೆ ಹೊರಚಾಚುವುದು ಮುಂತಾದ ಅಪಾಯಗಳು ಇಲ್ಲವೆಂದಲ್ಲ. ಆದರೆ ಕತ್ತರಿ ಹಾಕುವ ಜಾಗದಲ್ಲಿ ಮಿದುಳುಬಳ್ಳಿಯೇ ಇಲ್ಲದ್ದರಿಂದ, ಜನ ಅಂಜುವಂತೆ ಎರಡೂ ಕಾಲು ಬಿದ್ದುಹೋಗುವುದು ಬಹಳ ಅಪರೂಪ.

ಹಾಗೆಂದು ಎಂಆರ್‌ಐ ವರದಿ ಕೈಗೆ ಬಂದ ಕೂಡಲೇ ಆಪರೇಷನ್‌ಗೆ ಮುಂದಾಗುವುದನ್ನೂ ನಾನು ಒಪ್ಪಲಾರೆ. ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು. ಆರರಿಂದ ಹನ್ನೆರಡು ವಾರ ಕಾಲಿನ ತೀವ್ರ ನೋವು ಅನುಭವಿಸಿದ್ದ 283 ಜನರನ್ನು ಎರಡು ಗುಂಪು ಮಾಡಿ ನೆದರ್ಲೆಂಡ್ಸ್‌ನಲ್ಲಿ ನಡೆಸಿ, 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಗ ಆಪರೇಷನ್ ಮಾಡಿಸಿಕೊಂಡವರಿಗೆ ನೋವು ಬೇಗ ಇಳಿಯಿತಾದರೂ, ಕಾದು ನೋಡಿ ಅಗತ್ಯ ಬಿದ್ದರಷ್ಟೇ ಮಾಡಿಸಿಕೊಂಡವರೂ ವರ್ಷದ ಹೊತ್ತಿಗೆ ಅವರಷ್ಟೇ ಚೇತರಿಸಿಕೊಂಡಿದ್ದರು. ಬರೀ ನೋವಿದ್ದು, ಕಾಲಿನ ಬಲ ಕುಂದದಿದ್ದವರು ಕೆಲವು ವಾರ ವೈದ್ಯರ ನಿಗಾದಲ್ಲಿ ಕಾಯುವುದೇ ಸರಿ.

ಕಾಯಬಾರದವರು ಬೇರೆ. ಪಾದ ಜೋತುಬೀಳುತ್ತಿದ್ದರೆ, ಕಾಲಿನ ಬಲ ದಿನೇ ದಿನೇ ಇಳಿಯುತ್ತಿದ್ದರೆ ಶಸ್ತ್ರಚಿಕಿತ್ಸಕರನ್ನು ತಡಮಾಡದೆ ಕಾಣಬೇಕು. ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋಗುತ್ತಿದ್ದರೆ, ತೊಡೆಸಂದು ಹಾಗೂ ಗುದದ್ವಾರದ ಸುತ್ತ ಸ್ಪರ್ಶ ತಿಳಿಯದಿದ್ದರೆ ಅದು ರಾತ್ರಿಯೇ ಆದರೂ ಆಸ್ಪತ್ರೆಗೆ ಓಡಬೇಕಾದ ತುರ್ತು. ಇದನ್ನು ಹೇಳಿಕೊಳ್ಳಲು ನಾಚುವವರು, ಅದರಲ್ಲೂ ಹೆಣ್ಣುಮಕ್ಕಳು, ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಈ ಲಕ್ಷಣಗಳನ್ನು ಬಿಡಿಸಿ ಹೇಳುವ ಲೇಖನವೊಂದನ್ನು ನರರೋಗ ತಜ್ಞರಿಂದ ಬರೆಸಬೇಕೆಂದು ಕೋರುತ್ತೇನೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಲ್ಲಿಯೂ ಒಂದು ವಿನಂತಿ: ಸೊಂಟನೋವೆಂದು ಬಂದವರಿಗೆ ಮಾತ್ರೆ ಬರೆಯುವ ಮೊದಲು, ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಯಲು ಹೇಳಿ ನೋಡಿ; ಪಾದ ಎತ್ತುವ ಬಲ ಕುಂದಿದ್ದರೆ ಅದರಲ್ಲೇ ತಿಳಿಯುತ್ತದೆ. ಆ ಎರಡು ತಿಂಗಳಲ್ಲಿ ಅಣ್ಣನಿಗೆ ಯಾರೂ ಹಾಗೆ ಹೇಳಲಿಲ್ಲ.

– ಓರ್ವ ಓದುಗ, ಶಿರಸಿ