ಕೈಕೊಟ್ಟದ್ದು ಪ್ರೋಬ್ ಅಲ್ಲ ಮಗಾ

ಡೊಂಬಿವಲಿ
ಚೌತಿ ಕಳೆದು ಐದನೇ ದಿನ

ಚಿರಂಜೀವಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ದೊಡ್ಡಪ್ಪನ ಮೊಣಗಂಟು ನೋವು ಮಳೆ ಬಿಟ್ಟ ಮೇಲೆ ಕಡಿಮೆಯಾಗುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಮಳೆಗೆ ಇನ್ನೂ ಯಾರೂ ಹೇಳಿದ ಹಾಗಿಲ್ಲ.

ಚೌತಿ ದಿನ ನೀನು ಪುಣೆಯಿಂದ ಫೋನ್ ಮಾಡಿದಾಗ ಮನೆ ತುಂಬ ಜನ, ಒಲೆಯ ಮೇಲೆ ಕಡುಬು. "ದೊಡ್ಡಮ್ಮ, ಪ್ರೋಬ್ ಕೈಕೊಟ್ಟಿತು, ಎರಡು ಇಲಿ ವ್ಯರ್ಥವಾಗಿ ಹೋದವು" ಅಂದೆ. ಗಣಪತಿ ಎದುರಿಗೇ ಕೂತಿದ್ದ. ಅವನ ವಾಹನದ ಸಾವಿನ ಸುದ್ದಿ ಅವನೆದುರು ಬೇಡ, ಆಮೇಲೆ ಬರೆಯುತ್ತೇನೆ ಎಂದು ಫೋನ್ ಇಟ್ಟೆ. 31 ವರ್ಷ ಪರೇಲಿನ ಒಂದು ಲ್ಯಾಬಿನಲ್ಲಿ ಇಲಿಗಳ ಜೊತೆ ಕಳೆದವಳು ನಾನು. ನಾನು ಮಾಡಿದ್ದೂ ನಿನ್ನದೇ ಕೆಲಸ, ಮೈಕ್ರೊಡಯಾಲಿಸಿಸ್. ತುದಿಯಲ್ಲಿ ಜರಡಿಯಂಥ ಮೆಂಬ್ರೇನ್ ಇರುವ ಸೂಜಿಯನ್ನು, ಅಂದರೆ ಪ್ರೋಬನ್ನು, ಇಲಿಯ ಮಿದುಳಿಗೆ ಇಳಿಸಿ, ಪಂಪಿನಿಂದ ಉಪ್ಪುನೀರು ಹರಿಸಿ, ಮರಳಿ ಬಂದ ನೀರಿನಲ್ಲಿ ಡೋಪಮೈನ್‌ನಂಥ ನರಸಂದೇಶದ ಅಣು ಎಷ್ಟಿದೆ ಎಂದು ಅಳೆಯುವುದು. ಅಷ್ಟು ಸುಲಭಕ್ಕೆ ಬಿಡುವವಳಲ್ಲ.

ಕೈಕೊಟ್ಟಿತು ಎನ್ನುವ ಮಾತೇ ನನಗೆ ಸರಿಬರಲಿಲ್ಲ. ಪ್ರೋಬ್ ಕೆಡುವ ಮೊದಲು ಹೇಳಿಯೇ ಕೆಡುತ್ತದೆ. ನಾವು ಕೇಳಿಸಿಕೊಂಡಿರುವುದಿಲ್ಲ. ನಾನೂ ಒಮ್ಮೆ ಕೇಳಿಸಿಕೊಳ್ಳಲಿಲ್ಲ. ಆ ಕಥೆ ಮೊದಲು ಹೇಳುತ್ತೇನೆ, ಇಲ್ಲದಿದ್ದರೆ ದೊಡ್ಡಮ್ಮ ಬರೀ ಬುದ್ಧಿ ಹೇಳುವವಳು ಅಂತ ನಿನಗೆ ಅನ್ನಿಸುತ್ತದೆ.

ನಾವು ಶುರುಮಾಡಿದಾಗ ತಯಾರು ಪ್ರೋಬ್ ಪರದೇಶದಿಂದ ತರಿಸಬೇಕಿತ್ತು. ಬೆಲೆ ನೋಡಿ ನಮ್ಮ ಸರ್ ಆರ್ಡರ್ ಫಾರಂ ಮಡಚಿ ಡ್ರಾಯರಿಗೆ ಹಾಕಿದರು. ಸರಿ, ಕೈಯಿಂದಲೇ ಮಾಡಿಕೊಂಡೆವು. ಕಿಡ್ನಿ ಡಯಾಲಿಸಿಸ್‌ಗೆ ಬಳಸುವ ಸಿಲಿಂಡರ್ ಇದೆಯಲ್ಲ, ಅದರೊಳಗೆ ಶ್ಯಾವಿಗೆಗಿಂತ ಸಪೂರದ ಟೊಳ್ಳು ಎಳೆಗಳು ಸಾವಿರಗಟ್ಟಲೆ ಇರುತ್ತವೆ. ಬಳಸದ ಹೊಸದೊಂದನ್ನು ಒಡೆದರೆ ಒಂದು ಲ್ಯಾಬಿನ ಜೀವಮಾನಕ್ಕೆ ಸಾಕು. ಎಳೆಯನ್ನು ಒಣಗಿದ್ದಾಗಲೇ ಸ್ಟೀಲ್ ಸೂಜಿಯ ತುದಿಗೆ ಕೂರಿಸಿ, ಒಳಗೆ ಕೂದಲಿನಂಥ ಸಿಲಿಕಾ ಕೊಳವೆ ಇಳಿಸಿ, ತುದಿಯನ್ನು ಎಪಾಕ್ಸಿ ಅಂಟಿನಿಂದ ಮುಚ್ಚಬೇಕು. ಅಂಟು ಕಲಸಿದ ಕೂಡಲೇ ಮುಟ್ಟಿಸಿದರೆ ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಎಳೆಯೊಳಗೆ ಏರಿಬಿಡುತ್ತದೆ, 3 ಮಿ.ಮೀ. ಇರಬೇಕಾದ ಮೆಂಬ್ರೇನ್ 2 ಮಿ.ಮೀ. ಆಗುತ್ತದೆ. ಸ್ವಲ್ಪ ಗಟ್ಟಿಯಾಗುವವರೆಗೆ ಕಾಯಬೇಕು. ಒಳಗಿನ ಕೊಳವೆಯ ಬಾಯಿ ಅಂಟಿಗೆ ತಾಗಬಾರದು, ತಾಗಿದರೆ ನೀರಿಗೆ ದಾರಿಯಿಲ್ಲದೆ ಒತ್ತಡ ಏರುತ್ತದೆ. ಕೊಳವೆ ಕತ್ತರಿಸಿದ ಅಂಚು ಚೂಪಾಗಿ ಉಳಿದರೂ ಆಯಿತು, ಎಳೆಯನ್ನು ಒಳಗಿನಿಂದಲೇ ಕೊಯ್ಯುತ್ತದೆ.

ಒಂದು ಮೇ ತಿಂಗಳು. ನಿಮಿಷಕ್ಕೆ 1 ಮೈಕ್ರೊಲೀಟರ್‌ನಂತೆ 20 ನಿಮಿಷಕ್ಕೊಂದು ಸ್ಯಾಂಪಲ್. ಸ್ಯಾಂಪಲ್ ಹಿಡಿಯುವ ಪುಟ್ಟ ಶೀಶೆಯಲ್ಲಿ, ಅಂದರೆ ವಯಲ್‌ನಲ್ಲಿ, 20 ಮೈಕ್ರೊಲೀಟರ್ ಇರಬೇಕು, ಕಣ್ಣಳತೆಗೆ ಕಡಿಮೆ ಕಾಣುತ್ತಿತ್ತು. ಸೆಕೆಗೆ ಆರಿರಬೇಕು ಅಂದುಕೊಂಡೆ. ನನ್ನ ಬುದ್ಧಿ ನೋಡು, ಮುಂಬೈಯ ಆ ಜಿಗುಟು ಸೆಕೆಯಲ್ಲಿ ಮೈಬೆವರೇ ಆರುವುದಿಲ್ಲ, ಮುಚ್ಚಳ ಹಾಕಿದ ವಯಲ್‌ನ ನೀರು ಎಲ್ಲಿ ಆರೀತು? ಆರು ಇಲಿಗಳ ಕೆಲಸ ಮುಗಿದ ಮೇಲೆ ಮಿದುಳನ್ನು ಸೀಳಿ ಸ್ಲೈಡ್ ಮಾಡಿ ನೋಡಿದರೆ, ಸೂಜಿ ಹೋದ ಸಣ್ಣ ಗೆರೆ ಇರಬೇಕಾದ ಕಡೆ ತುದಿಯಲ್ಲೊಂದು ಟೊಳ್ಳು. ತುದಿಯ ಅಂಟು ಸೋರಿ, ನಾವು ಕಳಿಸಿದ ನೀರಿನ ಒಂದು ಪಾಲು ಮಿದುಳಿಗೇ ಹೋಗುತ್ತಿತ್ತು. ಸರ್ ಬೈಯಲಿಲ್ಲ. "ವಯಲ್ ತೂಕ ಮಾಡಿದ್ರಾ?" ಎಂದು ಕೇಳಿ ಹೊರಟುಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಅಂದಿನಿಂದ ನಿವೃತ್ತಿಯವರೆಗೆ ನಾನು ಖಾಲಿ ವಯಲ್ ತೂಗದೆ ಪಂಪ್ ಶುರುಮಾಡಿದವಳಲ್ಲ. 20 ಮೈಕ್ರೊಲೀಟರ್ ಅಂದರೆ ಹೆಚ್ಚುಕಡಿಮೆ 20 ಮಿಲಿಗ್ರಾಂ. ನಿಮ್ಮ ತಕ್ಕಡಿಗೆ ಅದೇನು ದೊಡ್ಡ ಲೆಕ್ಕವಲ್ಲ. ಕಡಿಮೆ ಬಂದರೆ ಸೋರಿಕೆ, ಅಥವಾ ಎಲ್ಲೋ ಗುಳ್ಳೆ. ಪ್ರೋಬ್ ಹೇಳುತ್ತದೆ ಅಂದೆನಲ್ಲ, ಮೊದಲು ಮಾತಾಡುವುದು ಈ ತೂಕದಲ್ಲಿ.

ಇನ್ನು ನೀನು ಹೇಳಿದ ಎರಡನೇ ವಿಷಯ. "ಬೇರೆಯವರ ಪೇಪರಿನಲ್ಲಿರುವ ಸಂಖ್ಯೆ ನನಗೆ ಬರುತ್ತಿಲ್ಲ" ಅಂದೆಯಲ್ಲ, ಯಾಕೆ ಬರಬೇಕು? ಪ್ರೋಬ್‌ನಿಂದ ಹೊರಬರುವುದು ಮಿದುಳಿನೊಳಗಿನ ಪೂರ್ತಿ ಲೆಕ್ಕವಲ್ಲ, ಅದರಲ್ಲೊಂದು ಪಾಲು. ಸ್ವೀಡನ್ನಿನ ಕರೊಲಿನ್‌ಸ್ಕಾ ಸಂಸ್ಥೆಯಲ್ಲಿ ಉಂಗರ್‌ಸ್ಟೆಟ್ ಮತ್ತು ಪೈಕಾಕ್ 1974ರಲ್ಲಿ ಟೊಳ್ಳು ಎಳೆ ಬಳಸಿದಾಗ ಅದರ ಹಿಂದಿದ್ದ ಕಲ್ಪನೆ ಒಂದು ಸಣ್ಣ ರಕ್ತನಾಳದ್ದು. ನಾಳದ ಗೋಡೆಯಲ್ಲಿ ಸಣ್ಣ ಅಣು ಆಚೀಚೆ ದಾಟುತ್ತದೆ, ದೊಡ್ಡ ಪ್ರೋಟೀನ್ ನಿಲ್ಲುತ್ತದೆ. ಆದರೆ ಒಳಗಿನ ನೀರು ಹರಿಯುತ್ತಲೇ ಇರುವುದರಿಂದ ಒಳಗೂ ಹೊರಗೂ ಸಮ ಆಗುವಷ್ಟು ಹೊತ್ತು ಅದಕ್ಕೆ ಸಿಗುವುದಿಲ್ಲ. ಹರಿವು ಹೆಚ್ಚಿಸಿದರೆ ಪಾಲು ಇಳಿಯುತ್ತದೆ, ಮೆಂಬ್ರೇನ್ ಉದ್ದವಾದರೆ ಏರುತ್ತದೆ. ನಿನ್ನ ಪಂಪ್ ನಿಮಿಷಕ್ಕೆ 2 ಮೈಕ್ರೊಲೀಟರ್, ಅವರದ್ದು 1. ನಿನ್ನ ಮೆಂಬ್ರೇನ್ 2 ಮಿ.ಮೀ., ಅವರದ್ದು 4. ಮತ್ತೆ ಸಂಖ್ಯೆ ಹೇಗೆ ಹೊಂದೀತು?

ಅದಕ್ಕೇ ಪ್ರತಿ ಪ್ರೋಬ್‌ನ ರಿಕವರಿ, ಅಂದರೆ ಈ ಪಾಲು, ನೀನೇ ಅಳೆಯಬೇಕು. ಡಬ್ಬಿಯ ಮೇಲೆ ಬರೆದದ್ದನ್ನು ಕಂಪನಿಯವರಿಗೇ ಬಿಟ್ಟುಬಿಡು. ಗೊತ್ತಿರುವ ಪ್ರಮಾಣದ ಡೋಪಮೈನ್ ದ್ರಾವಣವನ್ನು ಬೀಕರಿನಲ್ಲಿ 37 ಡಿಗ್ರಿಗೆ ಇಟ್ಟು, ಮೆಲ್ಲಗೆ ಕಲಕುತ್ತ, ಪ್ರೋಬ್ ಇಳಿಸಿ, ಪ್ರಯೋಗದ ದಿನದ ಹರಿವಿನಲ್ಲೇ ಮೂರು ಸ್ಯಾಂಪಲ್ ತೆಗೆ. ಹೊರಗೆ 100 ಇದ್ದು ಒಳಗಿನಿಂದ 15 ಬಂದರೆ ನಿನ್ನ ಪಾಲು 15. ಪ್ರಯೋಗ ಮುಗಿದ ಮೇಲೂ ಅದನ್ನೇ ಇನ್ನೊಮ್ಮೆ ಮಾಡು. ಮೊದಲು 15 ಇದ್ದದ್ದು ಆಮೇಲೆ 6 ಆದರೆ, ನಿನ್ನ ಗ್ರಾಫಿನಲ್ಲಿ ಔಷಧಿಯ ಪರಿಣಾಮ ಎಂದು ಕಂಡದ್ದರಲ್ಲಿ ಮೆಂಬ್ರೇನ್ ಕಟ್ಟಿಕೊಂಡದ್ದೂ ಸೇರಿದೆ.

ಆದರೆ ಬೀಕರಿನ ಪಾಲು ಮಿದುಳಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಬೀಕರ್ ಬಯಲು, ಮಿದುಳು ಮುಂಬೈ ಭುಲೇಶ್ವರದ ಕಿಕ್ಕಿರಿದ ಗಲ್ಲಿ. ಅಣು ಜೀವಕೋಶಗಳ ಸಂದಿಯಲ್ಲಿ ಸುತ್ತಿ ಬಳಸಿ ಬರಬೇಕು, ದಾರಿಯಲ್ಲಿ ಕೋಶಗಳು ಅದನ್ನು ಹೀರಿಕೊಳ್ಳುತ್ತಲೂ ಇರುತ್ತವೆ. ಇದಕ್ಕೆ ಲೊನ್‌ರೋತ್ ಮತ್ತು ಸಂಗಡಿಗರು 1987ರಲ್ಲಿ ಒಂದು ಚೆಂದದ ಉಪಾಯ ತೋರಿಸಿದರು. ಒಳಗೆ ಕಳಿಸುವ ನೀರಿನಲ್ಲೇ ಆ ವಸ್ತುವನ್ನು ಬೇರೆಬೇರೆ ಪ್ರಮಾಣದಲ್ಲಿ ಬೆರೆಸಿ ಕಳಿಸುವುದು. ಹೊರಗಿಗಿಂತ ಕಡಿಮೆಯಿದ್ದರೆ ಬರುವಾಗ ಗಳಿಸಿಕೊಂಡು ಬರುತ್ತದೆ, ಹೆಚ್ಚಿದ್ದರೆ ಕಳೆದುಕೊಂಡು ಬರುತ್ತದೆ. ಗಳಿಕೆಯೂ ಇಲ್ಲ, ನಷ್ಟವೂ ಇಲ್ಲ ಎನ್ನುವ ಪ್ರಮಾಣ ಎಲ್ಲಿ ಸಿಗುತ್ತದೋ ಅದೇ ಹೊರಗಿನ ಪ್ರಮಾಣ. ನಮ್ಮೂರ ಶೆಟ್ಟರ ಅಂಗಡಿಯ ಲೆಕ್ಕದಷ್ಟು ಸರಳ. ಸಮಯ ಮಾತ್ರ ತಿನ್ನುತ್ತದೆ. ಪ್ರತಿ ಇಲಿಗೂ ಬೇಡ, ನಿಜವಾದ ಪ್ರಮಾಣವನ್ನೇ ಹೇಳಬೇಕಾದಾಗ ಮಾಡು. ಔಷಧಿಯ ಮೊದಲಿಗಿಂತ ಎಷ್ಟು ಏರಿತು ಎಂದಷ್ಟೇ ಬೇಕಿದ್ದರೆ ಆ ಇಲಿಯ ಆರಂಭದ ಸ್ಯಾಂಪಲ್‌ಗಳನ್ನೇ 100 ಎಂದು ಇಟ್ಟುಕೊಂಡರೆ ಸಾಕು. ಪ್ರೋಬ್ ಮಾತ್ರ ನಡುವೆ ಬದಲಾಗಿರಬಾರದು.

ಕಳಿಸುವ ನೀರಿನ ಬಗ್ಗೆ ನೀನು ಏನೂ ಹೇಳಲಿಲ್ಲ. ನನಗೆ ಅಲ್ಲೇ ಅನುಮಾನ. ಅದನ್ನು ಯಾರು ಮಾಡುತ್ತಾರೆ, ನೀನೋ, ಜೂನಿಯರೋ? ನೀನೇ ಮಾಡು. ಸೋಡಿಯಂ ಕ್ಲೋರೈಡ್ 147 ಮಿಲಿಮೋಲಾರ್, ಪೊಟ್ಯಾಸಿಯಂ 3ರ ಆಸುಪಾಸು, ಮೆಗ್ನೀಸಿಯಂ 1, ಕ್ಯಾಲ್ಸಿಯಂ 1.2. ಉಪ್ಪು ಹೆಚ್ಚಾದರೆ ಉಪ್ಪಿನಲ್ಲಿ ಹಾಕಿದ ಮಾವಿನಮಿಡಿ ನೀರು ಬಿಟ್ಟ ಹಾಗೆ ಮಿದುಳಿನ ನೀರು ಪ್ರೋಬ್‌ಗೆ ಎಳೆಯುತ್ತದೆ. ಹಳೆಯ ಪೇಪರುಗಳಲ್ಲಿ ಕ್ಯಾಲ್ಸಿಯಂ ಇದಕ್ಕಿಂತ ಬಹಳ ಹೆಚ್ಚಿನ ರಿಂಗರ್ ದ್ರಾವಣ ಕಾಣುತ್ತದೆ. ಕ್ಯಾಲ್ಸಿಯಂ ಏರಿದರೆ ನರತುದಿಗಳಿಂದ ಡೋಪಮೈನ್ ಬಿಡುಗಡೆಯೂ ಏರುತ್ತದೆ. ಅವರ ಸಂಖ್ಯೆ ನಿನಗೆ ಬಾರದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಒಂದು ಜುಲೈಯಲ್ಲಿ ನಮಗೆ ತಿರುಗಾಮುರುಗಾ ಆಯಿತು. ಡೋಪಮೈನ್ ವಾರದಿಂದ ವಾರಕ್ಕೆ ಇಳಿಯುತ್ತ ಹೋಯಿತು. ಪಂಪ್ ನೋಡಿದೆವು, ಡೋಪಮೈನ್ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಎಲೆಕ್ಟ್ರೋಡ್ ಉಜ್ಜಿದೆವು, ಇಲಿಗಳ ಊಟ ಬದಲಾಯಿಸಿದೆವು. ಕೊನೆಗೆ ಕಳ್ಳ ಸಿಕ್ಕಿದ್ದು ಕೆಮಿಕಲ್ ಕಪಾಟಿನಲ್ಲಿ. ಕ್ಯಾಲ್ಸಿಯಂ ಕ್ಲೋರೈಡ್ ಬಾಟಲಿ ಮಳೆಗಾಲದ ತೇವ ಕುಡಿದು ಗಟ್ಟಿ ಬೆಲ್ಲದ ಅಚ್ಚಿನಂತಾಗಿತ್ತು. ನಾವು ತೂಗುತ್ತಿದ್ದದ್ದು ಅರ್ಧ ಕ್ಯಾಲ್ಸಿಯಂ, ಅರ್ಧ ನೀರು. ಪುಣೆಯ ಮಳೆ ನಮ್ಮಷ್ಟಿಲ್ಲ, ಆದರೂ ಬಾಟಲಿಯನ್ನು ತೇವ ತಾಗದ ಡೆಸಿಕೇಟರ್ ಪಾತ್ರೆಯಲ್ಲಿ ಇಡು. ಹೊಸ ಬಾಟಲಿ ತೆರೆದ ದಿನವೇ ಒಂದು ಗಟ್ಟಿ ಸ್ಟಾಕ್ ದ್ರಾವಣ ಮಾಡಿಟ್ಟುಕೊಂಡರೆ ಇನ್ನೂ ಲೇಸು. ಫಾಸ್ಫೇಟ್ ಹಾಕುವುದಾದರೆ ಕ್ಯಾಲ್ಸಿಯಂ ಕಟ್ಟಕಡೆಗೆ ಹಾಕು, ಇಲ್ಲದಿದ್ದರೆ ಬಿಳಿ ಗಸಿ ಕೂರುತ್ತದೆ, ಆ ಗಸಿಯೇ ಮೆಂಬ್ರೇನ್‌ಗೂ ಮೆತ್ತುತ್ತದೆ. 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸು. ಫ್ರಿಜ್‌ನಿಂದ ತೆಗೆದು ನೇರವಾಗಿ ಸಿರಿಂಜಿಗೆ ತುಂಬಿದೆಯೋ, ತಣ್ಣೀರು ಬೆಚ್ಚಗಾಗುತ್ತ ಟ್ಯೂಬಿನಲ್ಲಿ ಗಾಳಿ ಬಿಡುತ್ತದೆ. ನೀನು ಹೇಳಿದ ಗುಳ್ಳೆಗಳ ಕಾಟ ಅಲ್ಲಿಂದಲೇ ಬಂದಿರಬೇಕು.

ಕೊಂಡ ಪ್ರೋಬ್ ಆದರೆ ಮೆಂಬ್ರೇನ್ ಒಣಗಿ ಬಿರಿಯದಿರಲಿ ಎಂದು ಗ್ಲಿಸರಿನ್ ಸವರಿರುತ್ತಾರೆ. ಮೊದಲು 70 ಶೇಕಡಾ ಆಲ್ಕೋಹಾಲಿನಲ್ಲಿ ಅದ್ದಿ, ಒಳಗಿನಿಂದಲೂ ಹರಿಸಿ, ಆಮೇಲೆ ನಿನ್ನ ದ್ರಾವಣದಲ್ಲಿ ಚೆನ್ನಾಗಿ ತೊಳೆ. ತುದಿ ಬೀಕರಿನ ಗೋಡೆಗೆ ತಾಗಬಾರದು, ಬೆರಳಿಗಂತೂ ಬೇಡವೇ ಬೇಡ. ಒಮ್ಮೆ ಒದ್ದೆಯಾದ ಮೆಂಬ್ರೇನ್ ಮತ್ತೆ ಒಣಗಿದರೆ ಕಥೆ ಮುಗಿಯಿತು. ಊಟಕ್ಕೆ ಹೋಗುವಾಗಲೂ ನೀರಿನಲ್ಲೇ ಇಟ್ಟು ಹೋಗು.

ಇಲಿಗೆ ಇಳಿಸುವಾಗ ಅವಸರ ಬೇಡ. ಪಂಪ್ ನಡೆಯುತ್ತಿರಲಿ, ಒಂದೆರಡು ನಿಮಿಷ ತೆಗೆದುಕೊಂಡು, ತಲೆಬುರುಡೆಗೆ ಮೊದಲೇ ಕೂರಿಸಿದ ಕೊಳವೆಯ, ಅಂದರೆ ಕ್ಯಾನುಲಾದ, ಒಳಗೆ ಮೆಲ್ಲನೆ ಇಳಿಸು. ಇಳಿಸಿದ ಕೂಡಲೇ ಬರುವ ಸ್ಯಾಂಪಲ್‌ನಲ್ಲಿರುವುದು ಗಾಯದ ಕೂಗು, ಅದನ್ನು ಎಣಿಸಬಾರದು. ನಾವು ಸಂಜೆ ಇಳಿಸಿ ಮರುದಿನ ಬೆಳಿಗ್ಗೆ ಶುರುಮಾಡುತ್ತಿದ್ದೆವು, ಒಂದರ ಹಿಂದೊಂದು ಮೂರು ಸ್ಯಾಂಪಲ್ 10 ಶೇಕಡಾದೊಳಗೆ ನಿಂತ ಮೇಲೆಯೇ ಔಷಧಿ. ಹಾಗಂತ ನಾಲ್ಕೈದು ದಿನ ಬಿಟ್ಟರೂ ಆಗದು, ಪ್ರೋಬ್ ಸುತ್ತ ಗ್ಲಿಯಾ ಎಂಬ ಮಿದುಳಿನ ಆಸರೆ ಕೋಶಗಳು ಬೇಲಿ ಕಟ್ಟಿಬಿಡುತ್ತವೆ. ಟ್ಯೂಬಿನ ಲೆಕ್ಕವನ್ನೂ ಮರೆಯಬೇಡ. 10 ಸೆಂ.ಮೀ.ಗೆ 1.2 ಮೈಕ್ರೊಲೀಟರ್ ಹಿಡಿಯುವ ಟ್ಯೂಬ್ ಅರ್ಧ ಮೀಟರ್ ಇದ್ದರೆ, ನಿಮಿಷಕ್ಕೆ 1 ಮೈಕ್ರೊಲೀಟರ್ ಹರಿವಿನಲ್ಲಿ ಹತ್ತು ಗಂಟೆಗೆ ಮಿದುಳಿನಲ್ಲಿ ಆದದ್ದು ವಯಲ್‌ಗೆ ಬರುವುದು ಹತ್ತೂ ಆರು ನಿಮಿಷಕ್ಕೆ, ನಿನ್ನ 2ರ ಹರಿವಿನಲ್ಲಿ ಹತ್ತೂ ಮೂರಕ್ಕೆ.

ಪ್ರಾಣಿಪ್ರಯೋಗದ ನೀತಿಸಮಿತಿಗೆ ಕೊಟ್ಟ ಅರ್ಜಿಯಲ್ಲಿ ಎಷ್ಟು ಇಲಿ ಬರೆದಿದ್ದೀಯೋ ನನಗೆ ತಿಳಿಯದು. ಸತ್ತ ಎರಡನ್ನು ಆ ಲೆಕ್ಕದಲ್ಲಿ ತೋರಿಸು, ನೋಟ್‌ಬುಕ್ಕಿನಲ್ಲಿ ಯಾಕೆ ಎಂದು ಬರೆ. ನಾಚಿಕೆಪಟ್ಟು ಬಿಟ್ಟರೆ ಮುಂದಿನ ವರ್ಷ ನಿನ್ನ ಜಾಗಕ್ಕೆ ಬರುವ ಹುಡುಗಿ ಅದೇ ಬಾಟಲಿಯಿಂದ ಅದೇ ತಪ್ಪು ತೂಗುತ್ತಾಳೆ. ಈ ಪದ್ಧತಿ ನನಗೆ ಇಷ್ಟವಾದದ್ದೇ ಒಂದು ಇಲಿಯಿಂದ ಇಡೀ ದಿನದ ಕಥೆ ಸಿಗುತ್ತದೆ ಎಂದು. ಗಳಿಗೆಗೊಂದು ಇಲಿ ಕೊಲ್ಲುವ ಕಾಲದಲ್ಲಿ ಕೆಲಸ ಕಲಿತವಳು ನಾನು.

ನಿಮ್ಮ ಗೈಡ್ ಹೇಳಿದ ಹೊಸ ಔಷಧಿ ಎಣ್ಣೆಯಲ್ಲಿ ಕರಗುವಂಥದ್ದು ಅಂದೆ. ಅದು ಟ್ಯೂಬಿನ ಗೋಡೆಗೆ ಅಂಟಿಕೊಳ್ಳುತ್ತದೆ, ಬೀಕರಿನಲ್ಲಿ ಪರೀಕ್ಷಿಸದೆ ಒಂದು ಇಲಿಯನ್ನೂ ಮುಟ್ಟಬೇಡ. ಅದರ ಬಗ್ಗೆ ಮುಂದಿನ ಸಲ ಮಾತಾಡೋಣ, ಕೈ ನೋಯುತ್ತಿದೆ.

ಪಕ್ಕದ ಮನೆಯವರ ಮಗ ಶುಕ್ರವಾರ ಡೆಕ್ಕನ್ ಕ್ವೀನ್‌ನಲ್ಲಿ ಬರುತ್ತಾನೆ, ಪುಣೆ ಸ್ಟೇಷನ್ನಿಗೆ ಹೋಗಿ ಚೀಲ ತೆಗೆದುಕೊ. ಮೇಲಿರುವುದು ಹಲಸಿನ ಹಪ್ಪಳ. ಕೆಳಗೆ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ್ದು ನನ್ನ ಭೂತಗನ್ನಡಿ, ತುದಿಯ ಅಂಟು ನೋಡಲು ಇಟ್ಟುಕೊಂಡಿದ್ದದ್ದು. ಅದರ ಹಿಡಿಕೆ ಸಡಿಲವಾಗಿದೆ, ಬಟ್ಟೆ ಬಿಚ್ಚುವಾಗ ಜೋಪಾನ.

ನಿನ್ನ
ದೊಡ್ಡಮ್ಮ